ಲೆಂಬೆಯಲ್ಲಿ ಏಳು ರಾತ್ರಿ, ಬರೀ ಮ್ಯಾಕ್ರೋ: ಯಾವ ತಿಂಗಳು, ಯಾವ ಲೆನ್ಸ್, ಎಷ್ಟು ಲಗೇಜು?

ಗಾಳಿಗುಳ್ಳೆ
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ಬೆಂಗಳೂರಿನಿಂದ ಇಬ್ಬರು ಹೊರಡುವ ಯೋಚನೆ, ಇಂಡೊನೇಷ್ಯಾದ ಉತ್ತರ ಸುಲವೇಸಿಯ ಲೆಂಬೆ ಜಲಸಂಧಿಗೆ. ಏಳು ರಾತ್ರಿ ಸ್ಕೂಬಾ ಡೈವ್, ಪೂರ್ತಿ ಮ್ಯಾಕ್ರೋ, ಅಂದರೆ ನೀರೊಳಗಿನ ಸಣ್ಣ ಜೀವಿಗಳ ಹತ್ತಿರದ ಫೋಟೋ. ಒಬ್ಬರ ಹತ್ತಿರ ಫುಲ್‌ಫ್ರೇಮ್ ಬಾಡಿ, 100 ಎಂಎಂ ಮ್ಯಾಕ್ರೋ, ಅಲ್ಯೂಮಿನಿಯಂ ಹೌಸಿಂಗ್ (ಕ್ಯಾಮೆರಾಗೆ ನೀರು ತಡೆಯುವ ಪೆಟ್ಟಿಗೆ), ಎರಡು ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್) ಇವೆ. ಇನ್ನೊಬ್ಬರದು ಒಲಿಂಪಸ್ ಟಿಜಿ-6, ಅದರದ್ದೇ ಹೌಸಿಂಗ್, ಸಣ್ಣದೊಂದು ಸ್ಟ್ರೋಬ್. ಇಬ್ಬರದೂ ಅಡ್ವಾನ್ಸ್ಡ್ ಓಪನ್ ವಾಟರ್ ಡೈವ್ ಕೋರ್ಸ್ ಆಗಿದೆ, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಕೋರ್ಸ್ ಆಗಿಲ್ಲ. ತಿಂಗಳು ಸರಿಯೇ? ವೆಟ್ ಲೆನ್ಸ್ (ಹೌಸಿಂಗಿನ ಹೊರಗೆ, ನೀರೊಳಗೇ ಹಾಕಿ ತೆಗೆಯುವ ಲೆನ್ಸ್) ಎಷ್ಟು ಪವರಿನದು ಬೇಕು? ಸ್ನೂಟ್ (ಸ್ಟ್ರೋಬ್ ಬೆಳಕನ್ನು ಸಣ್ಣ ವೃತ್ತಕ್ಕೆ ಇಳಿಸುವ ಕೊಳವೆ) ಈಗಲೇ ಕೊಳ್ಳಬೇಕಾ? ಇಷ್ಟು ಸಾಮಾನು ವಿಮಾನದಲ್ಲಿ ಸಾಗಿಸೋದು ಹೇಗೆ?

ಕಪ್ಪುಮರಳು
ತಿಂಗಳು ಸರಿಯಾಗಿದೆ. ಲೆಂಬೆಯಲ್ಲಿ ವರ್ಷಪೂರ್ತಿ ಡೈವ್ ನಡೆಯುತ್ತೆ. ಜುಲೈನಿಂದ ಅಕ್ಟೋಬರ್‌ವರೆಗೆ ನೀರು ತಣ್ಣಗಿರುತ್ತೆ, ಆಗಲೇ ಜೀವಿಗಳೂ ಹೆಚ್ಚು ಕಾಣಿಸುತ್ತವೆ. ಜುಲೈ, ಆಗಸ್ಟ್‌ನಲ್ಲಿ ದಕ್ಷಿಣದ ಗಾಳಿಗೆ ಜಲಸಂಧಿಯ ಕೆಳತುದಿಯ ಜಾಗಗಳಲ್ಲಿ ಅಲೆ ಏಳುತ್ತೆ, ಅಕ್ಟೋಬರ್ ಹೊತ್ತಿಗೆ ಅದು ತಗ್ಗಿರುತ್ತೆ. ಡಿಸೆಂಬರ್‌ನಿಂದ ಫೆಬ್ರವರಿ ಮಳೆ.

ದಾರಿ: ಬೆಂಗಳೂರು–ಸಿಂಗಪುರ, ಅಲ್ಲಿಂದ ಮನಾಡೊಗೆ ಸ್ಕೂಟ್ ಕಂಪನಿಯ ವಿಮಾನ. ಈ ಎರಡನೇ ವಿಮಾನ ದಿನಾ ಇಲ್ಲ. ಆದ್ದರಿಂದ ಮೊದಲು ಆ ವಾರಗಳನ್ನು ನೋಡಿ, ಆಮೇಲೆ ರಜೆ ಹಾಕಿ. ಮನಾಡೊದಿಂದ ಬಿಟುಂಗ್ ಬಂದರಿಗೆ ರಸ್ತೆಯಲ್ಲಿ ಒಂದೂವರೆ ಗಂಟೆ ಹಿಡಿದುಕೊಳ್ಳಿ, ಅಲ್ಲಿಂದ ರೆಸಾರ್ಟಿನ ದೋಣಿ. ಭಾರತೀಯರಿಗೆ ವೀಸಾ ಆನ್ ಅರೈವಲ್ ಇದೆ, 30 ದಿನಕ್ಕೆ 5 ಲಕ್ಷ ರುಪಯ್ಯಾ. ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿಕೊಂಡರೆ ಕ್ಯೂ ತಪ್ಪುತ್ತೆ.

ಈಗ ಮುಖ್ಯ ವಿಷಯ. ರೆಸಾರ್ಟ್ ಆರಿಸುವಾಗ ರೂಮಿನ ಫೋಟೋ ನೋಡಬೇಡಿ, ಈ ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕೇಳಿ. ಒಬ್ಬ ಗೈಡ್‌ಗೆ ಎಷ್ಟು ಜನ? ಇಬ್ಬರಿಗಿಂತ ಹೆಚ್ಚಾದರೆ ಬೇಡ, ಯಾಕಂದ್ರೆ ಒಂದು ಪ್ರಾಣಿಯ ಮುಂದೆ ನಾಲ್ಕು ಜನ ಸರದಿ ನಿಂತರೆ ಕೊನೆಯವರಿಗೆ ಸಿಗೋದು ಕೆದಕಿದ ಮರಳು ಮಾತ್ರ. ಡೈವ್ ಎಷ್ಟು ನಿಮಿಷಕ್ಕೆ ಮುಗಿಸುತ್ತಾರೆ, 60ಕ್ಕೋ 75ಕ್ಕೋ? ಕ್ಯಾಮೆರಾ ರೂಮಿನಲ್ಲಿ ಒಬ್ಬೊಬ್ಬರಿಗೆ ಬೇರೆ ಟೇಬಲ್, ಪ್ಲಗ್ ಪಾಯಿಂಟ್ ಇದೆಯಾ? ದೋಣಿಯಲ್ಲಿ ಕ್ಯಾಮೆರಾಗೆಂದೇ ಸಿಹಿನೀರಿನ ತೊಟ್ಟಿ ಇದೆಯಾ, ಅಥವಾ ಅದರಲ್ಲೇ ಮಾಸ್ಕು, ವೆಟ್‌ಸೂಟು ಅದ್ದುತ್ತಾರಾ? ಇವಕ್ಕೆ ನೇರ ಉತ್ತರ ಕೊಡದ ಜಾಗ ಬಿಟ್ಟುಬಿಡಿ. ಅಲ್ಲಿ ಫೋಟೋ ಸಿಗೋದು ಗೈಡ್‌ನ ಕಣ್ಣಿನಿಂದ, ಲೆನ್ಸಿನ ಪಾಲು ಅದರ ನಂತರ.

ಹೊನ್ನಾವರದ_ಅಲೆ
ಮಾರಾಯ್ರೆ, ಮೊದಲ ಮ್ಯಾಕ್ರೋ ಟ್ರಿಪ್ಪಿಗೇ ಅಷ್ಟು ದೂರ ಯಾಕೆ? ಬಾಲಿಯ ತುಲಂಬೆನ್ ನೋಡಿ. ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ನೇರ ವಿಮಾನ ಉಂಟು, ಡೈವ್ ದಡದಿಂದಲೇ, ಖರ್ಚು ಕಡಿಮೆ. ಲಿಬರ್ಟಿ ಹಡಗಿನ ಅವಶೇಷ ಎಲ್ಲರಿಗೂ ಗೊತ್ತು. 1942ರಲ್ಲಿ ಜಪಾನಿ ಟಾರ್ಪಿಡೋ ತಗುಲಿ ದಡಕ್ಕೆ ಬಂದು ನಿಂತಿದ್ದ ಹಡಗದು, 1963ರ ಆಗುಂಗ್ ಜ್ವಾಲಾಮುಖಿ ಅದನ್ನು ನೀರಿಗೆ ಜಾರಿಸಿತು. ಮ್ಯಾಕ್ರೋ ಬೇಕಾದವರಿಗೆ ಅದರ ಪಕ್ಕದ ಸೆರಾಯಾ. ಹಾರ್ಲೆಕ್ವಿನ್ ಸೀಗಡಿ, ಬಾಕ್ಸರ್ ಏಡಿ ಎಲ್ಲ ಅಲ್ಲೇ ಸಿಕ್ತಾವೆ.

ಕಪ್ಪುಮರಳು
ತುಲಂಬೆನ್ ಒಳ್ಳೆಯದೇ, ನಾಲ್ಕೇ ದಿನ ಇದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ಆದರೆ ದಡದ ಉರುಟುಕಲ್ಲಿನ ಮೇಲೆ, ಒಡೆಯುವ ಅಲೆಯಲ್ಲಿ, ಎರಡು ತೋಳಿನ ಸ್ಟ್ರೋಬ್ ಹೊತ್ತು ಇಳಿಯೋದು ಹಗುರದ ಕೆಲಸ ಅಲ್ಲ. ಲೆಂಬೆಯಲ್ಲಿ ದೋಣಿಯಿಂದ ಬೆನ್ನುಮುಖ ಮಾಡಿ ಬಿದ್ದರೆ ಮುಗೀತು, ಕ್ಯಾಮೆರಾ ಆಮೇಲೆ ಕೈಗೆ ಕೊಡ್ತಾರೆ. ಜಲಸಂಧಿ ಇರೋದೇ 16 ಕಿ.ಮೀ. ಉದ್ದ, ಬಹಳಷ್ಟು ಜಾಗಗಳು ದೋಣಿಯಲ್ಲಿ ಹದಿನೈದು ನಿಮಿಷದೊಳಗೆ. ಹೇರ್‌ಬಾಲ್, ಟಿಕೆ, ಜಾಹಿರ್ ಎಂಬ ಡೈವ್ ಜಾಗಗಳಲ್ಲಿ ಕಪ್ಪು ಜ್ವಾಲಾಮುಖಿ ಮರಳು. ಕೂದಲಿನ ಫ್ರಾಗ್‌ಫಿಶ್, ತೆಂಗಿನ ಚಿಪ್ಪಿನೊಳಗಿನ ಆಕ್ಟೋಪಸ್, ಫ್ಲಾಂಬಾಯಂಟ್ ಕಟಲ್‌ಫಿಶ್ ಹುಡುಕಬೇಕಾದ್ದು ಇಂಥ ಕಡೆ. ನ್ಯೂಡಿ ಫಾಲ್ಸ್‌ನಲ್ಲಿ ಗೋಡೆಯಿದೆ, ಅಲ್ಲಿ ಗಾರ್ಗೋನಿಯನ್ ಬೀಸಣಿಗೆ ಹವಳಗಳ ಮೇಲೆ ಪಿಗ್ಮಿ ಕಡಲಕುದುರೆ.

ಏಳು ರಾತ್ರಿ ಅಂದ್ರೆ ನಿಜವಾಗಿ ಐದು ಡೈವ್ ದಿನ. ಬಂದ ದಿನ ಸಾಮಾನು ಜೋಡಿಸೋದಕ್ಕೆ, ಹೊರಡುವ ಹಿಂದಿನ ದಿನ ಒಣಗಿಸೋದಕ್ಕೆ.

ಎಫ್22
ಲೆನ್ಸ್ ಪ್ರಶ್ನೆಗೆ ಬರ್ತೀನಿ. ಫುಲ್‌ಫ್ರೇಮ್‌ನಲ್ಲಿ 1:1, ಅಂದರೆ ಪ್ರಾಣಿಯಷ್ಟೇ ಗಾತ್ರದ ಬಿಂಬ ಸೆನ್ಸರ್ ಮೇಲೆ ಬಿದ್ದಾಗ, ಚಿತ್ರದ ಅಗಲ 36 ಮಿ.ಮೀ. ಎರಡು ಸೆಂ.ಮೀ. ಉದ್ದದ ಪಿಗ್ಮಿ ಕಡಲಕುದುರೆ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬುತ್ತೆ. ಅದಕ್ಕೆ ವೆಟ್ ಲೆನ್ಸ್ ಬೇಕಾಗಿಯೇ ಇಲ್ಲ. ಐದು ಮಿ.ಮೀ.ಯ ಕೊಸ್ಟಾಸಿಯೆಲ್ಲಾ, ಅದೇ ಎಲ್ಲರೂ ‘ಕುರಿಮರಿ’ ಅಂತ ಕರೆಯೋ ಚಿಪ್ಪಿಲ್ಲದ ಹಸಿರು ಕಡಲ ಬಸವನಹುಳು, 1:1ರಲ್ಲಿ ಚುಕ್ಕೆಯಾಗಿ ಕಾಣುತ್ತೆ. ಅಂಥದ್ದಕ್ಕೆ 2:1 ಬೇಕು.

ಆದರೆ ಬೆಲೆ ತೆರಬೇಕಾದ್ದು ಫೋಕಸ್ಸಿನ ಆಳದಲ್ಲಿ. ಎಫ್/16ರಲ್ಲಿ 1:1ಕ್ಕೆ ಸ್ಪಷ್ಟವಾಗಿರೋ ಪದರ ಹೆಚ್ಚುಕಮ್ಮಿ 2 ಮಿ.ಮೀ. ದಪ್ಪ. 2:1ಕ್ಕೆ ಹೋದರೆ 0.7 ಮಿ.ಮೀ. ನಿಮ್ಮ ಉಸಿರಿಗೇ ದೇಹ ಅದಕ್ಕಿಂತ ಜಾಸ್ತಿ ಆಡುತ್ತೆ. ಮೊದಲ ಟ್ರಿಪ್ಪಿಗೆ +5 ಅಥವಾ +6 ಪವರಿನ ವೆಟ್ ಲೆನ್ಸ್ (ಡಯಾಪ್ಟರ್ ಅನ್ನೋದೂ ಇದನ್ನೇ) ಒಂದು ಸಾಕು ಅನ್ನೋದು ನನ್ನ ವಾದ. +10ಕ್ಕಿಂತ ಮೇಲಿನದನ್ನು ಮನೆಯಲ್ಲೇ ಬಿಡಿ.

ಇನ್ನೊಂದು ಲೆಕ್ಕ ಮರೀಬೇಡಿ: ಡಯಾಪ್ಟರ್ ಹಾಕಿದ ಮೇಲೆ ಫೋಕಸ್ ಆಗುವ ಅತಿ ದೂರ ಅಂದ್ರೆ ಒಂದು ಮೀಟರನ್ನು ಪವರಿನಿಂದ ಭಾಗಿಸಿದಷ್ಟು. +10 ಇದ್ದರೆ 10 ಸೆಂ.ಮೀ., +5 ಇದ್ದರೆ 20. ಅದರಾಚೆಗಿನದು ಮಸುಕೇ ಮಸುಕು, ಲೆನ್ಸ್ ಹಿಂದೆ ಮುಂದೆ ಓಡಾಡಿ ಹುಡುಕ್ತಾನೇ ಇರುತ್ತೆ. ಆದ್ದರಿಂದ ಪೋರ್ಟಿಗೆ (ಹೌಸಿಂಗಿನ ಮುಂದಿನ ಗಾಜಿನ ಮೂತಿ) ತಿರುಪಿ ಕೂರಿಸುವುದಕ್ಕಿಂತ ಮಡಚುವ ಹೋಲ್ಡರ್ ವಾಸಿ. ಮೊದಲು ಡಯಾಪ್ಟರ್ ಇಲ್ಲದೆ ಪ್ರಾಣಿಯನ್ನು ಹುಡುಕಿ, ಆಮೇಲೆ ಮಡಚಿ ತನ್ನಿ. ನೀರೊಳಗೆ ಮಡಚಿದಾಗ ಗಾಜಿನ ನಡುವೆ ಗಾಳಿಗುಳ್ಳೆ ಕೂತಿರುತ್ತೆ (ನಿಮ್ಮ ಹೆಸರನ್ನೇ ಹೇಳಿದ ಹಾಗಾಯ್ತು), ಬೆರಳಿನಿಂದ ಒಮ್ಮೆ ಸವರಿ ಬಿಡಿಸಿ.

ಸೆಟ್ಟಿಂಗ್: ಐಎಸ್‌ಒ 100, ಶಟರ್ 1/200, ಎಫ್/16ರಿಂದ ಶುರು. ಎಫ್/22ರಾಚೆ ಹೋಗಬೇಡಿ. 1:1ರಲ್ಲಿ ಎಫ್/16 ಅಂತ ಇಟ್ಟರೂ ಪರಿಣಾಮದಲ್ಲಿ ಅದು ಎಫ್/32ರ ಹತ್ತಿರ, ಡಿಫ್ರಾಕ್ಷನ್‌ನಿಂದ (ಸಣ್ಣ ಕಂಡಿಯಲ್ಲಿ ಬೆಳಕು ಹರಡಿ) ಚೂಪುತನ ಹೋಗುತ್ತೆ. ನಿಕಾನ್ ಈ ಪರಿಣಾಮದ ಸಂಖ್ಯೆಯನ್ನೇ ತೋರಿಸುತ್ತೆ, ಕ್ಯಾನನ್ ನೀವು ಇಟ್ಟ ಸಂಖ್ಯೆಯನ್ನು. ಹಾಗಾಗಿ ನಿಕಾನ್‌ನವರು ಹೇಳಿದ ಎಫ್ ನಂಬರನ್ನು ಕ್ಯಾನನ್‌ನಲ್ಲಿ ಹಾಗೇ ಇಟ್ಟರೆ ಫಲಿತಾಂಶ ಬೇರೆಯಾಗುತ್ತೆ.

ಫೋಕಸ್ಸನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂದಿನ ಗುಂಡಿಗೆ ಕೊಡಿ. ಬೇಕಾದ ಗಾತ್ರಕ್ಕೆ ಒಮ್ಮೆ ಫೋಕಸ್ ಮಾಡಿ, ಕೈ ಬಿಟ್ಟು, ಇಡೀ ಕ್ಯಾಮೆರಾವನ್ನು ಕೂದಲೆಳೆಯಷ್ಟು ಮುಂದೆ ಹಿಂದೆ ಮಾಡಿ ಕಣ್ಣು ಚೂಪಾದ ಕ್ಷಣ ಒತ್ತಿ. ನುಡಿಬ್ರಾಂಕ್ (ಇದೂ ಚಿಪ್ಪಿಲ್ಲದ ಕಡಲ ಬಸವನಹುಳು) ಆದರೆ ಕಣ್ಣಿನ ಬದಲು ತಲೆ ಮೇಲಿನ ಎರಡು ಕೊಂಬುಗಳು.

ಸಣ್ಣ_ಕ್ಯಾಮೆರಾ_ಸಂಘ
ಟಿಜಿ-6ರವರನ್ನು ಎಲ್ಲರೂ ಮರೆತ ಹಾಗಿದೆ. ಅದರ ಮೈಕ್ರೋಸ್ಕೋಪ್ ಮೋಡ್ ಲೆನ್ಸಿನಿಂದ 1 ಸೆಂ.ಮೀ. ದೂರದಲ್ಲೂ ಫೋಕಸ್ ಮಾಡುತ್ತೆ, ಯಾವ ವೆಟ್ ಲೆನ್ಸೂ ಬೇಡ. ತೊಂದರೆ ಏನಂದ್ರೆ ಅಷ್ಟು ಹತ್ತಿರ ಹೋದರೆ ಹೌಸಿಂಗಿನ ಮೂತಿಯೇ ನೆರಳು ಹಾಕುತ್ತೆ, ಪ್ರಾಣಿಯೂ ಓಡಿಹೋಗುತ್ತೆ. ಐದಾರು ಸೆಂ.ಮೀ. ಹಿಂದೆ ಸರಿದು ಪೂರ್ತಿ ಝೂಮ್ ಮಾಡಿ, ಆಗ ಸ್ಟ್ರೋಬ್ ಬೆಳಕು ಒಳಗೆ ನುಗ್ಗುತ್ತೆ.

ಅಪರ್ಚರ್ ಬಗ್ಗೆ ಹುಷಾರು. ವೈಡ್‌ನಲ್ಲಿ ಅದು ತೋರಿಸುವ ಎಫ್/8 ನಿಜವಾದ ಎಫ್/8 ಅಲ್ಲ, ಒಳಗೆ ಎನ್‌ಡಿ ಫಿಲ್ಟರ್ ಬೀಳುತ್ತೆ ಅಷ್ಟೇ. ಬೆಳಕು ಕಡಿಮೆಯಾಗುತ್ತೆ, ಫೋಕಸ್ಸಿನ ಆಳ ಹೆಚ್ಚಾಗಲ್ಲ. ಹಿನ್ನೆಲೆ ಕಪ್ಪು ಮಾಡೋದಕ್ಕೆ ಮಾತ್ರ ಉಪಯೋಗ. ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿದ ಫೋಟೋಗಳನ್ನು ಸೇರಿಸೋದು) ನೀರೊಳಗೆ ಸ್ಟ್ರೋಬ್ ಜೊತೆ ನಡೆಯಲ್ಲ, ಅಷ್ಟು ಬೇಗ ಸ್ಟ್ರೋಬ್ ಚಾರ್ಜ್ ಆಗೋದಿಲ್ಲ. ಒಂದು ಸಮಾಧಾನ: ಕ್ಯಾಮೆರಾವೇ 15 ಮೀಟರ್ ತನಕ ನೀರು ತಡೆಯುತ್ತೆ, ಹೌಸಿಂಗ್ 45 ಮೀಟರ್. ಕಡಿಮೆ ಆಳದಲ್ಲಿ ಹೌಸಿಂಗ್ ಸೋರಿದರೂ ಕ್ಯಾಮೆರಾ ಬದುಕುಳಿಯುತ್ತೆ.

ಗಾಳಿಗುಳ್ಳೆ
ಬಹಳ ಉಪಯೋಗ ಆಯ್ತು ಸರ್. ಹಾಗಾದರೆ +5 ಒಂದೇ. ಲೈಟಿನ ವಿಷಯ? ಕಪ್ಪು ಮರಳಿನ ಮೇಲೆ ತೆಗೆದ ಫೋಟೋಗಳಲ್ಲೆಲ್ಲ ಬಿಳಿ ಚುಕ್ಕೆ ತುಂಬಿರುತ್ತಲ್ಲ, ಅದಕ್ಕೆ ಸ್ನೂಟೇ ಪರಿಹಾರನಾ?

ಎಫ್22
ಇಲ್ಲ. ಮೊದಲು ಎರಡು ಸ್ಟ್ರೋಬುಗಳನ್ನು ಸರಿಯಾದ ಜಾಗದಲ್ಲಿ ಇಡೋದು ಕಲೀಬೇಕು. ಬಿಳಿ ಚುಕ್ಕೆ ಬರೋದು ಪೋರ್ಟಿಗೂ ಪ್ರಾಣಿಗೂ ನಡುವೆ ತೇಲುವ ಕಣಗಳಿಗೆ ಬೆಳಕು ಬಿದ್ದು ಅದು ವಾಪಸ್ ಲೆನ್ಸಿಗೆ ಬಂದಾಗ. ಗಡಿಯಾರದ ಹತ್ತು ಗಂಟೆ, ಎರಡು ಗಂಟೆಯ ಜಾಗದಲ್ಲಿ ಸ್ಟ್ರೋಬ್ ಇಡಿ, ಪೋರ್ಟಿಗೆ ತಾಗುವಷ್ಟು ಹತ್ತಿರ. ಅವುಗಳ ಮುಖ ಪೋರ್ಟಿನ ಗಾಜಿಗಿಂತ ಮುಂದೆ ಬರಬಾರದು, ಒಂದೆರಡು ಬೆರಳು ಹಿಂದೆಯೇ ಇರಲಿ. ಆಮೇಲೆ ಸ್ವಲ್ಪ ಹೊರಕ್ಕೆ ತಿರುಗಿಸಿ, ಬೆಳಕಿನ ಅಂಚು ಮಾತ್ರ ಪ್ರಾಣಿಗೆ ತಾಗುವ ಹಾಗೆ. ಎರಡನ್ನೂ ನೇರ ಪ್ರಾಣಿಯತ್ತ ಗುರಿಯಿಟ್ಟರೆ ನಡುವಿನ ನೀರೆಲ್ಲ ಬೆಳಗುತ್ತೆ. ಎಡದ್ದು ಬಲದ್ದಕ್ಕಿಂತ ಒಂದು ಸ್ಟಾಪ್ ಕಡಿಮೆ (ಅಂದರೆ ಅರ್ಧ ಬೆಳಕು) ಇದ್ದರೆ ಮೈಯ ಉಬ್ಬುತಗ್ಗು ಕಾಣುತ್ತೆ, ಎರಡೂ ಸಮ ಇದ್ದರೆ ಪ್ರಾಣಿ ಚಪ್ಪಟೆಯಾಗುತ್ತೆ.

ಮತ್ತೆ, ಕೋನ. ಮೇಲಿಂದ ಕೆಳಗೆ ತೆಗೆದರೆ ಹಿನ್ನೆಲೆಯಲ್ಲಿ ಮರಳಿನ ಕಾಳು ಕಾಳು. ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿದು, ಸಾಧ್ಯವಾದರೆ ಅದಕ್ಕಿಂತ ಕೆಳಗಿಂದ ಸ್ವಲ್ಪ ಮೇಲೆ ನೋಡಿದರೆ ಹಿನ್ನೆಲೆಯಲ್ಲಿ ಬರೀ ನೀರು. 1/200, ಎಫ್/16, ಐಎಸ್‌ಒ 100ರಲ್ಲಿ ಆ ನೀರು ತಾನಾಗಿ ಕಪ್ಪಾಗುತ್ತೆ. ನೀಲಿ ಬೇಕಾದರೆ ಐಎಸ್‌ಒ 400, ಎಫ್/8, 1/100ರ ಆಸುಪಾಸು.

ಸ್ನೂಟ್ ಬೇಕಾಗೋದು ಮರಳಿಗೇ ಅಂಟಿಕೊಂಡ ಪ್ರಾಣಿಗೆ. ಕೊಂಡರೆ ಮನೆಯಲ್ಲೇ ಹೀಗೆ ಅಭ್ಯಾಸ ಮಾಡಿ: ಟೇಬಲ್ ಮೇಲೆ ಒಂದು ರೂಪಾಯಿ ನಾಣ್ಯ ಇಡಿ, ಪೋರ್ಟಿನಿಂದ 10–12 ಸೆಂ.ಮೀ. ದೂರಕ್ಕೆ ಫೋಕಸ್ ಲಾಕ್ ಮಾಡಿ. ಸ್ನೂಟ್ ಹಾಕಿದ ಸ್ಟ್ರೋಬನ್ನು ಪೋರ್ಟಿನ ನೇರ ಮೇಲೆ ತಂದು, ಅದರ ಗುರಿಬೆಳಕು ನಾಣ್ಯದ ಮೇಲೆ ಬೀಳುವಂತೆ ಮಾಡಿ ಕ್ಲ್ಯಾಂಪ್ ಬಿಗಿ ಮಾಡಿ. ನೀರೊಳಗೆ ಇನ್ನು ತೋಳು ಮುಟ್ಟಬೇಡಿ. ಪ್ರಾಣಿ ಚೂಪಾಗಿ ಕಂಡ ದೂರದಲ್ಲಿ ಬೆಳಕೂ ಅಲ್ಲೇ ಬಿದ್ದಿರುತ್ತೆ. ಸ್ನೂಟ್ ಬೆಳಕು ತಿನ್ನುತ್ತೆ, ಆದ್ದರಿಂದ ಪವರ್ ಎರಡು ಸ್ಟಾಪ್ ಏರಿಸಿ. ಎರಡನೇ ಸ್ಟ್ರೋಬ್ ಆಫ್ ಮಾಡಿ. ಫೋಕಸ್ ಲೈಟ್ ಜೋರಾಗಿದ್ದರೆ ಸ್ನೂಟಿನ ವೃತ್ತ ಕಣ್ಣಿಗೇ ಕಾಣಲ್ಲ, ಅದನ್ನೂ ತಗ್ಗಿಸಿ. ಇಷ್ಟು ಅಭ್ಯಾಸಕ್ಕೆ ಪುರುಸೊತ್ತಿಲ್ಲದಿದ್ದರೆ ಸ್ನೂಟ್ ಈ ಸಲ ಬೇಡ.

ಹೊನ್ನಾವರದ_ಅಲೆ
ನೀರಿನ ಕಡೆಯ ಮಾತು ಯಾರೂ ಹೇಳ್ಲಿಲ್ಲ. ಅಕ್ಟೋಬರ್‌ನಲ್ಲಿ ಲೆಂಬೆ ನೀರು 26–27 ಡಿಗ್ರಿ. ಕೇಳೋದಕ್ಕೆ ಬೆಚ್ಚಗೆ, ಆದ್ರೆ ಮ್ಯಾಕ್ರೋದಲ್ಲಿ 70 ನಿಮಿಷ ಕದಲದೆ ಬಿದ್ದಿರ್ತೀರಿ, ದಿನಕ್ಕೆ ಮೂರು ನಾಲ್ಕು ಸಲ. 3 ಮಿ.ಮೀ. ಸೂಟಿಗೆ ಎರಡನೇ ದಿನಕ್ಕೇ ನಡುಕ ಹತ್ತುತ್ತೆ. 5 ಮಿ.ಮೀ. ಫುಲ್ ಸೂಟು, ತಲೆಗೆ ಹುಡ್. 5 ಮಿ.ಮೀ.ಗೆ ತೂಕ ಜಾಸ್ತಿ ಬೇಕು, ಮೊದಲ ಡೈವಿನಲ್ಲೇ ತೂಕ ಪರೀಕ್ಷೆ ಮಾಡಿಕೊಳ್ಳಿ. ಸಿಲಿಂಡರ್ 50 ಬಾರ್ ಒತ್ತಡಕ್ಕೆ ಇಳಿದಾಗಲೂ ಐದು ಮೀಟರಿನಲ್ಲಿ ಬಿಸಿಡಿ (ತೇಲುವಿಕೆ ಹೊಂದಿಸುವ ಗಾಳಿ ಜಾಕೆಟ್) ಖಾಲಿ ಮಾಡಿ ನಿಲ್ಲೋದಕ್ಕೆ ಆಗ್ಬೇಕು.

ಫ್ಲಟರ್ ಕಿಕ್ (ಕಾಲು ಮೇಲೆ ಕೆಳಗೆ ಬಡಿಯೋದು) ಮರೆತುಬಿಡಿ. ಫ್ರಾಗ್ ಕಿಕ್ (ಕಪ್ಪೆಯ ಹಾಗೆ ಕಾಲು ಬೀಸೋದು), ಹಿಂದಕ್ಕೆ ಹೋಗುವ ಕಿಕ್ ಎರಡೂ ಬರಬೇಕು. ಫೋಟೋ ತೆಗೆದ ಮೇಲೆ ಎದ್ದು ತಿರುಗಿದ್ರೆ ಹಿಂದಿನವರಿಗೆ ಮರಳಿನ ಮೋಡ. ನೇರ ಹಿಂದಕ್ಕೆ ಸರಿದು, ಎರಡು ಮೀಟರ್ ಆದ ಮೇಲೆ ತಿರುಗಿ. ಮಕ್ ಸ್ಟಿಕ್ ಅಂತ ಸ್ಟೀಲ್ ಕಡ್ಡಿ ಕೊಡ್ತಾರೆ, ಅದು ಖಾಲಿ ಮರಳಿನಲ್ಲಿ ಊರಿ ದೇಹ ನಿಲ್ಲಿಸೋದಕ್ಕೆ ಮಾತ್ರ.

ನೈಟ್ರಾಕ್ಸ್ ಮಾಡ್ಕೊಳ್ಳಿ. 32% ಮಿಶ್ರಣದಲ್ಲಿ 18 ಮೀಟರ್ ಅಂದ್ರೆ ನೈಟ್ರೋಜನ್ ಲೆಕ್ಕಕ್ಕೆ ಗಾಳಿಯಲ್ಲಿ 14 ಮೀಟರ್ ಇದ್ದ ಹಾಗೆ. ಡೈವ್ ತರಬೇತಿ ಸಂಸ್ಥೆ ಪ್ಯಾಡಿಯ ಟೇಬಲ್ಲಿನಲ್ಲಿ ಕೆಳಗೆ ಇರಬಹುದಾದ ಅತಿ ಹೆಚ್ಚು ಸಮಯ ಗಾಳಿಗೆ 18 ಮೀಟರಿಗೆ 56 ನಿಮಿಷ, 14 ಮೀಟರಿಗೆ 98. ಮ್ಯಾಕ್ರೋದವರಿಗೆ ಈ ಹೆಚ್ಚುವರಿ ನಿಮಿಷಗಳೇ ಬಂಡವಾಳ. ಮಿತಿ ಮಾತ್ರ ನೆನಪಿರಲಿ, ಆಮ್ಲಜನಕದ ಒತ್ತಡ 1.4 ಬಾರ್ ಮೀರದ ಲೆಕ್ಕದಲ್ಲಿ 33 ಮೀಟರ್ ದಾಟಬಾರದು.

ಹೌಸಿಂಗ್ ಜೊತೆಗಿನ ಅಭ್ಯಾಸಕ್ಕೆ ನೇತ್ರಾಣಿ ಸಾಕು, ನುಡಿಬ್ರಾಂಕ್ ಅಲ್ಲೂ ಸಿಕ್ತಾವೆ. ಆದ್ರೆ ಮಳೆಗಾಲದಲ್ಲಿ ಮುರುಡೇಶ್ವರದಿಂದ ದೋಣಿ ಹೊರಡೋದಿಲ್ಲ. ನಿಮ್ಮ ಅಕ್ಟೋಬರ್‌ಗೆ ಮುಂಚೆ ಅಂದ್ರೆ ಮೇ ತಿಂಗಳೊಳಗೇ ಹೋಗ್ಬೇಕು.

ಓರಿಂಗ್_ಭಟ್ಟ
ಸಾಮಾನು ಸಾಗಿಸುವ ವಿಚಾರ ನನಗೆ ಬಿಡಿ.

ಲಿಥಿಯಂ ಬ್ಯಾಟರಿ ಬಿಡಿಯಾಗಿದ್ದರೆ ಕ್ಯಾಬಿನ್‌ನಲ್ಲೇ, ಚೆಕ್-ಇನ್‌ನಲ್ಲಿ ಬಿಡೋದಿಲ್ಲ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್. 3.6 ವೋಲ್ಟ್, 5 ಆಂಪಿಯರ್-ಅವರ್‌ನ 21700 ಸೆಲ್ ಅಂದರೆ 18. ನೂರರ ತನಕ ಯಾರನ್ನೂ ಕೇಳಬೇಕಿಲ್ಲ, 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲೆ ಇಲ್ಲವೇ ಇಲ್ಲ. ಪ್ರತಿ ಸೆಲ್ಲಿಗೂ ಪ್ಲಾಸ್ಟಿಕ್ ಡಬ್ಬಿ ಇರಲಿ ಅಥವಾ ತುದಿಗಳಿಗೆ ಟೇಪ್ ಸುತ್ತಿ. ಟಾರ್ಚಿನೊಳಗೆ ಬ್ಯಾಟರಿ ಬಿಟ್ಟು ಕಳಿಸಬೇಡಿ, ನೀರಿಲ್ಲದೆ ಹತ್ತಿಕೊಂಡರೆ ತನ್ನ ಬಿಸಿಗೆ ತಾನೇ ಸುಡುತ್ತೆ.

ಸ್ಟ್ರೋಬಿಗೆ ನಿಕಲ್-ಮೆಟಲ್ ಹೈಡ್ರೈಡ್ ಎಎ ಸೆಲ್. ಒಂದೊಂದಕ್ಕೆ ನಾಲ್ಕು, ಎರಡು ಸ್ಟ್ರೋಬಿಗೆ ಎಂಟು, ಚಾರ್ಜಿಗಿಟ್ಟ ಇನ್ನೊಂದು ಸೆಟ್ ಸೇರಿ ಹದಿನಾರು. ಸೆಟ್ಟುಗಳಿಗೆ ನಂಬರ್ ಬರೆದು ಬೆರಕೆಯಾಗದಂತೆ ನೋಡಿಕೊಳ್ಳಿ. ಒಂದು ಹಳೇ ಸೆಲ್ ಸೇರಿದರೂ ಸ್ಟ್ರೋಬ್ ಚಾರ್ಜ್ ಆಗೋದು ನಿಧಾನವಾಗಿ, ಎರಡನೇ ಫೋಟೋ ಕಪ್ಪಾಗಿ ಬರುತ್ತೆ.

ಕ್ಯಾಬಿನ್ ಮಿತಿ ಭಾರತದ ವಿಮಾನಗಳಲ್ಲಿ ಸಾಮಾನ್ಯವಾಗಿ 7 ಕೆಜಿ, ಸ್ಕೂಟ್‌ನಲ್ಲಿ 10. ಬಾಡಿ, ಲೆನ್ಸ್, ಪೋರ್ಟ್, ಬ್ಯಾಟರಿ ಕೈಯಲ್ಲಿ. ಹೌಸಿಂಗ್ ಗಟ್ಟಿಪೆಟ್ಟಿಗೆಯಲ್ಲಿ ಚೆಕ್-ಇನ್ ಮಾಡಬಹುದು, ಆದರೆ ಮುಖ್ಯ ಓ-ರಿಂಗ್ (ಬಾಗಿಲಲ್ಲಿ ನೀರು ತಡೆಯುವ ರಬ್ಬರ್ ಉಂಗುರ) ತೆಗೆದು ಅಥವಾ ವ್ಯಾಕ್ಯೂಮ್ ವಾಲ್ವ್ ತೆರೆದಿಟ್ಟು. ಮುಚ್ಚಿ ಕಳಿಸಿದರೆ ವಿಮಾನದ ಒತ್ತಡ ಬದಲಾಗಿ ಬಾಗಿಲು ಕಚ್ಚಿಕೊಳ್ಳುತ್ತೆ. ಹೊರಡುವ ಮುಂಚೆ ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಎಲ್ಲದರ ಸೀರಿಯಲ್ ನಂಬರ್ ಕೊಟ್ಟು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಚೆಕ್-ಇನ್ ಆಗುವ ಮೊದಲೇ ಮಾಡಿಸಬೇಕು, ಅವರು ಸಾಮಾನು ಕಣ್ಣಾರೆ ನೋಡ್ತಾರೆ. ಇಲ್ಲದಿದ್ದರೆ ವಾಪಸ್ ಬರುವಾಗ ಹೊರಗೆ ಕೊಂಡದ್ದಲ್ಲ ಅಂತ ಸಾಬೀತು ಮಾಡುವ ಭಾರ ನಿಮ್ಮದು.

ಇಂಡೊನೇಷ್ಯಾದಲ್ಲಿ ಎರಡು ದುಂಡು ಪಿನ್ನಿನ ಪ್ಲಗ್, 230 ವೋಲ್ಟ್. ನಮ್ಮ ಸಣ್ಣ ಎರಡು ಪಿನ್ ಚಾರ್ಜರ್ ಹಾಗೇ ಕೂರುತ್ತೆ, ಮೂರು ಪಿನ್ನಿಂದಕ್ಕೆ ಅಡಾಪ್ಟರ್ ಬೇಕು.

ಹೌಸಿಂಗ್ ಮುಚ್ಚುವುದು ರಾತ್ರಿ, ಎಸಿ ರೂಮಿನಲ್ಲಿ, ಸಿಲಿಕಾ ಜೆಲ್ ಹಾಕಿ. ಅಲ್ಲಿನ ಗಾಳಿ ಒಣಗಿರುತ್ತೆ. ದೋಣಿಯಲ್ಲಿ ತೆರೆದು ಬ್ಯಾಟರಿ ಬದಲಿಸಿದರೆ ತೇವದ ಗಾಳಿ ಒಳಗೆ ಸಿಕ್ಕಿಬಿದ್ದು, ತಣ್ಣೀರಿಗೆ ಇಳಿದೊಡನೆ ಪೋರ್ಟಿನ ಒಳಮೈ ಮಂಜಾಗುತ್ತೆ. ಓ-ರಿಂಗನ್ನು ಬೆರಳಿನ ಮಧ್ಯೆ ಎಳೆಯದೆ ಜಾರಿಸುತ್ತಾ ಕೂದಲು, ಮರಳು ಇದೆಯಾ ನೋಡಿ. ಗ್ರೀಸ್ ಸಾಸಿವೆ ಕಾಳಿನಷ್ಟು, ರಿಂಗ್ ಬರೀ ಹೊಳೆದರೆ ಸಾಕು. ಗ್ರೀಸ್ ನೀರು ತಡೆಯೋದಿಲ್ಲ, ರಿಂಗ್ ಜಾರಿ ಕೂರಲು ಸಹಾಯ ಮಾಡುತ್ತೆ, ಅಷ್ಟೆ. ಜಾಸ್ತಿ ಹಚ್ಚಿದರೆ ಮರಳು ಹಿಡಿಯುತ್ತೆ.

ಸೋರಿಕೆ ಪರೀಕ್ಷೆಗೆ ಹೌಸಿಂಗಿನೊಳಗಿನ ಗಾಳಿ ಹೊರಗೆಳೆದು (ಅದೇ ವ್ಯಾಕ್ಯೂಮ್) ಅರ್ಧ ಗಂಟೆ ಬಿಡಿ. ಒಂದು ಎಚ್ಚರಿಕೆ: ಒಳಗೆ 800 ಮಿಲಿಬಾರ್ ಇದ್ದು, 25 ಡಿಗ್ರಿಯ ರೂಮಿನಿಂದ 35 ಡಿಗ್ರಿಯ ಬಿಸಿಲಿಗೆ ತಂದರೆ ಒತ್ತಡ ತಾನಾಗಿ 827ಕ್ಕೆ ಏರುತ್ತೆ. ಮೀಟರ್ ನೋಡುವವರು ಸೋರಿಕೆ ಅಂದುಕೊಂಡು ಗಾಬರಿಯಾಗ್ತಾರೆ. ದೋಣಿಯಲ್ಲಿ ಒದ್ದೆ ಟವೆಲ್ ಹೊದಿಸಿ ನೆರಳಲ್ಲಿಡಿ.

ಗಾಳಿಗುಳ್ಳೆ
ಹೌಸಿಂಗ್ ನೀರೊಳಗೆ ತುಂಬಾ ಭಾರ, ಮಣಿಕಟ್ಟು ನೋಯುತ್ತೆ. ಫ್ಲೋಟ್ ಎಷ್ಟು ಹಾಕಬೇಕು?

ಓರಿಂಗ್_ಭಟ್ಟ
ಅಂದಾಜು ಬೇಡ, ತೂಗಿಬಿಡಿ. ಸ್ಟ್ರೋಬ್, ತೋಳು ಎಲ್ಲ ಜೋಡಿಸಿ, ಲಗೇಜ್ ತೂಗುವ ತಕ್ಕಡಿಗೆ ನೇತುಹಾಕಿ, ನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿ. ಉಪ್ಪುನೀರಿನಲ್ಲಿ ಇದಕ್ಕಿಂತ ಸ್ವಲ್ಪ ಹಗುರ, ಆರು ಲೀಟರ್ ಜಾಗ ಹಿಡಿಯುವ ಸಾಮಾನಿಗೆ ಸುಮಾರು 150 ಗ್ರಾಂ ಕಳೆಯಿರಿ. ಉಳಿದದ್ದರಲ್ಲಿ 200–300 ಗ್ರಾಂ ಭಾರ ಬಿಟ್ಟು ಮಿಕ್ಕದ್ದಕ್ಕೆ ಫ್ಲೋಟ್. ಪೂರ್ತಿ ತೇಲುವ ಹಾಗೆ ಮಾಡಬೇಡಿ, ಕೈ ಜಾರಿದರೆ ಮೇಲಕ್ಕೆ ಹೋಗಿಬಿಡುತ್ತೆ.

ಕಪ್ಪುಮರಳು
ಪ್ರಾಣಿಗಳ ಪಟ್ಟಿ ಗೈಡ್‌ಗೆ ಮೊದಲ ದಿನವೇ ಕೊಡಿ. ಆರೋ ಎಂಟೋ ಸಾಕು. ಮೂವತ್ತು ಹೆಸರು ಬರೆದರೆ ಒಂದು ಡೈವಿನಲ್ಲಿ ಹದಿನೈದು ಕಡೆ ಓಡಿಸ್ತಾರೆ, ಒಂದೂ ನೆಟ್ಟಗೆ ಬರಲ್ಲ. ಮ್ಯಾಂಡರಿನ್ ಮೀನಿನ ಜೋಡಿ ಬೇಕಾದರೆ ಸಂಜೆ ಡೈವ್ ಬೇರೆ ಬುಕ್ ಮಾಡಿ. ಅಲ್ಲಿ ಸೂರ್ಯ 5.30ರ ಸುಮಾರಿಗೆ ಮುಳುಗುತ್ತಾನೆ, ಅದಕ್ಕೆ ಮುಂಚೆ ನೀರಿನಲ್ಲಿರಬೇಕು. ಜೋಡಿ ಹವಳದ ಮೇಲೇಳೋದು ಎರಡು ಮೂರು ಸೆಕೆಂಡ್ ಮಾತ್ರ, ಬಿಳಿ ಬೆಳಕಿಗೆ ಹೆದರುತ್ತವೆ, ಫೋಕಸ್ ಲೈಟಿಗೆ ಕೆಂಪು ಫಿಲ್ಟರ್ ಹಾಕಿ. ಬಾಬಿಟ್ ಹುಳಕ್ಕೆ ರಾತ್ರಿ ಡೈವ್.

ಇನ್ನು ನಿಷ್ಠುರದ ಮಾತು. ಗೈಡ್ ಪ್ರಾಣಿಯನ್ನು ಕಡ್ಡಿಯಿಂದ ತಿರುಗಿಸಿ ಕೊಡೋಕೆ ಬಂದರೆ ಬೆರಳಾಡಿಸಿ ಬೇಡ ಅನ್ನಿ. ನೀವು ಸುಮ್ಮನಿದ್ದರೆ ಅದು ನಿಮಗೆ ಬೇಕು ಅಂತಲೇ ಅವರು ತಿಳಿಯೋದು. ಪಿಗ್ಮಿ ಕಡಲಕುದುರೆ ಮುಖ ತಿರುಗಿಸಿದರೆ ಕಾಯಿರಿ, ತಿರುಗದಿದ್ದರೆ ಬಿಟ್ಟು ಮುಂದೆ ಹೋಗಿ. ಒಬ್ಬರಿಗೆ ಐದು ಫೋಟೋ ಅಂತ ಹಲವು ಕಡೆ ನಿಯಮವಿದೆ, ಅದು ಸರಿಯಾದದ್ದೇ.

ಸಣ್ಣ_ಕ್ಯಾಮೆರಾ_ಸಂಘ
ಫ್ಲ್ಯಾಶಿನಿಂದ ಅವು ಕುರುಡಾಗುತ್ತವೆ ಅಂತಾರಲ್ಲ?

ಕಪ್ಪುಮರಳು
ಅದನ್ನು ಪರೀಕ್ಷೆ ಮಾಡಿದವರಿದ್ದಾರೆ, 2019ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬಂತು. ಕಡಲಕುದುರೆ ಮೊದಲಾದ ತಳದ ಮೀನುಗಳ ಮೇಲೆ ನೋಡಿದಾಗ, ಫ್ಲ್ಯಾಶಿಗಿಂತ ಮುಟ್ಟಿ ಸರಿಸೋದೇ ಹೆಚ್ಚು ಕಾಟ ಕೊಟ್ಟಿತು. ಹಾಗಂತ ಐವತ್ತು ಸಲ ಫ್ಲ್ಯಾಶ್ ಹೊಡೆಯೋದಕ್ಕೆ ಅದು ಪರವಾನಗಿ ಅಲ್ಲ. ನೀಲಿ ಉಂಗುರದ ಆಕ್ಟೋಪಸ್ ಬಗ್ಗೆ ಬೇರೆ ಹೇಳಬೇಕು: ಅದರ ಟೆಟ್ರೋಡೋಟಾಕ್ಸಿನ್ ವಿಷಕ್ಕೆ ಪ್ರತಿವಿಷ ಇಲ್ಲ, ಆಸ್ಪತ್ರೆ ತಲುಪುವವರೆಗೆ ಬಾಯಿಂದ ಉಸಿರು ಕೊಡುತ್ತಿರೋದೊಂದೇ ದಾರಿ. ಮರಳಿನ ಮೇಲೆ ಮೊಣಕೈ, ಮೊಣಕಾಲು ಊರೋ ಅಭ್ಯಾಸ ಇದ್ದವರು ಮರಳಲ್ಲಿ ಹುದುಗಿರುವ ವಿಷಮುಳ್ಳಿನ ಮೀನು ಡೆವಿಲ್ ಸ್ಕಾರ್ಪಿಯನ್‌ಫಿಶ್ ಹೇಗಿರುತ್ತೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಗಾಳಿಗುಳ್ಳೆ
ಕೊನೇದಾಗಿ, ವಾಪಸ್ ವಿಮಾನ ಮಧ್ಯಾಹ್ನ. ಹಿಂದಿನ ದಿನ ಬೆಳಗ್ಗೆ ಒಂದು ಡೈವ್ ಮಾಡಬಹುದಾ?

ಹೊನ್ನಾವರದ_ಅಲೆ
ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಹೇಳೋದು ವಿಮಾನ ಹತ್ತುವ ಮುಂಚೆ ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಹಲವು ದಿನ ಸತತ ಡೈವ್ ಮಾಡಿದವರಿಗೆ 18. ನಿಮ್ದು ಎರಡನೇ ಲೆಕ್ಕ. ಬೆಳಗ್ಗೆ ಎಂಟಕ್ಕಿಳಿದು ಒಂಬತ್ತೂಕಾಲಿಗೆ ಮೇಲೆ ಬಂದ್ರೆ ಮರುದಿನ ಮಧ್ಯಾಹ್ನಕ್ಕೆ 24 ಗಂಟೆ ದಾಟುತ್ತೆ, ಧಾರಾಳ ಮಾಡಿ. ಎರಡನೇದು ಬೇಡ.

ಓರಿಂಗ್_ಭಟ್ಟ
ಆ ಡೈವ್ ಮುಗಿದ ಕೂಡಲೆ ಹೌಸಿಂಗ್ ಸಿಹಿನೀರಲ್ಲಿ ಒಂದು ಗಂಟೆ ನೆನೆಯಲಿ, ನೀರೊಳಗೇ ಪ್ರತಿ ಗುಂಡಿ ಇಪ್ಪತ್ತು ಸಲ ಒತ್ತಿ. ಕ್ಲ್ಯಾಂಪುಗಳನ್ನು ಬಿಚ್ಚಿ ಬೇರೆ ತೊಳೆಯಿರಿ. ಒಣಗೋದು ನೆರಳಲ್ಲಿ, ಬಿಸಿಲಲ್ಲಿ ಅಲ್ಲ.

ಗಾಳಿಗುಳ್ಳೆ
ಓ-ರಿಂಗ್ ಗ್ರೀಸ್ ಯಾವುದಾದರೂ ನಡೆಯುತ್ತಾ ಭಟ್ರೇ? ಇಬ್ಬರ ಹೌಸಿಂಗೂ ಬೇರೆ ಬೇರೆ ಕಂಪನಿದು.

ಓರಿಂಗ್_ಭಟ್ಟ
ಬೇಡ. ರಿಂಗ್ ಸಿಲಿಕೋನಿನದಾಗಿದ್ದು ಗ್ರೀಸೂ ಸಿಲಿಕೋನಿನದಾದರೆ ರಿಂಗ್ ಉಬ್ಬಿ ತಾನು ಕೂರುವ ತೋಡಿನಿಂದ ಹೊರಗೆ ಬರಬಹುದು. ಕಪ್ಪು ನೈಟ್ರೈಲ್ ರಿಂಗಿಗೆ ಆ ಭಯ ಇಲ್ಲ. ಆಯಾ ಕಂಪನಿಯ ಟ್ಯೂಬೇ ಒಯ್ಯಿರಿ, ಮುಚ್ಚಳದ ಮೇಲೆ ಯಾವ ಹೌಸಿಂಗಿನದು ಅಂತ ಮಾರ್ಕರ್‌ನಲ್ಲಿ ಬರೆದಿಡಿ. ಜೊತೆಗೆ ಮುಖ್ಯ ಓ-ರಿಂಗ್ ಒಂದೊಂದು ಸ್ಪೇರ್, ಬಿಟುಂಗ್‌ನಲ್ಲಿ ಹುಡುಕಿದರೂ ಸಿಗಲ್ಲ ಅಂತಲೇ ಲೆಕ್ಕ ಹಾಕಿ.